87ನೇ ದಿನದ ಕೂಲಿ, ಕೈತಪ್ಪುವ ಪಿಂಚಣಿ

ಜಗಳೂರು ತಾಲ್ಲೂಕಿನ ಸೊಕ್ಕೆ ಹೋಬಳಿ ಮಳೆ ನಂಬಿದ ಸೀಮೆ. ಮೆಕ್ಕೆಜೋಳ ಕೈಗೆ ಬಂದ ವರ್ಷ ಊಟಕ್ಕೆ ತೊಂದರೆಯಿಲ್ಲ, ಬಾರದ ವರ್ಷ ಸಾಲ. ಇಂಥ ಕಡೆ ಅರವತ್ತೈದು ದಾಟಿದ ಕೂಲಿಕಾರರು ಸಂಧ್ಯಾ ಸುರಕ್ಷಾ ಪಿಂಚಣಿ ಕೇಳಿಕೊಂಡು ನಾಡಕಚೇರಿಗೆ ಹೋದರೆ, ಮುಪ್ಪಿನ ಜತೆಗೆ ಬಡತನವನ್ನೂ ಕಾಗದದಲ್ಲಿ ತೋರಿಸಬೇಕು.

2007ರಲ್ಲಿ ಈ ಯೋಜನೆ ಆರಂಭವಾದಾಗ ಗಂಡ–ಹೆಂಡತಿಯ ವಾರ್ಷಿಕ ಆದಾಯ ಸೇರಿ 20 ಸಾವಿರ ರೂಪಾಯಿ ಮೀರುವಂತಿರಲಿಲ್ಲ. ಆಮೇಲೆ ಸಾಮಾಜಿಕ ಭದ್ರತಾ ಪಿಂಚಣಿಗಳ ಆದಾಯ ಮಿತಿಯನ್ನು 32 ಸಾವಿರಕ್ಕೆ ಏರಿಸಲಾಯಿತು. ಏರಿಕೆಯೇನೋ ಹೌದು, ಆದರೆ ಲೆಕ್ಕ ಹಾಕಿ ನೋಡಿ. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಬದು ಹಾಕುವ ಕೆಲಸಕ್ಕೆ 86 ದಿನ ಹೋದರೆ 31,820 ರೂಪಾಯಿ. 87ನೇ ದಿನ ಸಲಿಕೆ ಹಿಡಿದರೆ ಮಿತಿ ದಾಟಿತು. ಸರ್ಕಾರವೇ ಆಗ ಕೊಡುತ್ತಿದ್ದ ನೂರು ದಿನದ ಕೂಲಿಯನ್ನು ಪೂರ್ತಿ ದುಡಿದವರು ಅದೇ ಸರ್ಕಾರದ ಲೆಕ್ಕದಲ್ಲಿ ಬಡವರಲ್ಲ. ಎರಡು ಎಕರೆಯ ಬೇಸಾಯಗಾರನ ಪಾಡೂ ಇಷ್ಟೇ. ಆ ವರ್ಷದ ಕ್ವಿಂಟಾಲ್‌ಗೆ 2,400 ರೂಪಾಯಿ ಬೆಂಬಲ ಬೆಲೆಯಂತೆ 14 ಕ್ವಿಂಟಾಲ್ ಮೆಕ್ಕೆಜೋಳ ಮಾರಿದರೆ 33,600 ಆಯಿತು. ಬೀಜ, ಗೊಬ್ಬರ, ಕಟಾವು ಕಳೆದು ಮನೆಗೆ ಉಳಿದದ್ದೆಷ್ಟು?

ಬಿಪಿಎಲ್ ಪಡಿತರ ಚೀಟಿಗೆ ಕುಟುಂಬದ ಆದಾಯ ಮಿತಿ ವರ್ಷಕ್ಕೆ 1.20 ಲಕ್ಷ ರೂಪಾಯಿ. ಅಕ್ಕಿಗೆ ಬಡವರಾದವರು ಪಿಂಚಣಿಗೆ ಬಡವರಲ್ಲ ಎನ್ನುವುದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುತ್ತಿಲ್ಲ.

ಮಿತಿ ಇಷ್ಟು ಕೆಳಗಿರುವುದರಿಂದ, ಬಡತನಕ್ಕೆ ಸಾಕ್ಷಿಯಾಗಿ ಕೇಳುವ ಆದಾಯ ಪ್ರಮಾಣಪತ್ರ ಅಂದಾಜಿನ ಕಾಗದವಾಗಿದೆ. ಸಂಬಳದ ಚೀಟಿ ಇಲ್ಲದವರ ವರಮಾನವನ್ನು ಗ್ರಾಮ ಆಡಳಿತ ಅಧಿಕಾರಿ ಯಾವ ದಾಖಲೆ ನೋಡಿ ಬರೆಯಬೇಕು? ಕರುಣೆಯುಳ್ಳವರು ಮಿತಿಯೊಳಗಿನ ಅಂಕಿ ಬರೆಯುತ್ತಾರೆ, ನಿಯಮಕ್ಕೆ ಅಂಜುವವರು ಬರೆಯುವುದಿಲ್ಲ. ಪಿಂಚಣಿ ಸಿಗುವುದು ಬಿಡುವುದು ಅಧಿಕಾರಿಯ ಮನಸ್ಸಿನ ಮೇಲೆ ನಿಂತರೆ, ಅಲ್ಲಿ ಮಧ್ಯವರ್ತಿಗೂ ಜಾಗ ಸಿಗುತ್ತದೆ.

ಠೇವಣಿಯ ಷರತ್ತು ಇನ್ನೂ ಕ್ರೂರವಾದದ್ದು. ದಂಪತಿಯ ಬ್ಯಾಂಕ್ ಠೇವಣಿ 10 ಸಾವಿರ ಮೀರಬಾರದು ಎಂದು ಯೋಜನೆ ಹೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ವಯಸ್ಸಾದವರು ಹೊಟ್ಟೆ ಬಟ್ಟೆ ಕಟ್ಟಿ ಒಂದಿಷ್ಟು ದುಡ್ಡು ಎತ್ತಿಡುತ್ತಾರೆ. ಅದು ಆಸ್ಪತ್ರೆಗೆ, ಇಲ್ಲವೇ ಮಣ್ಣು ಮಾಡುವ ದಿನದ ಖರ್ಚಿಗೆ; ಮಕ್ಕಳಿಗೆ ಭಾರವಾಗಬಾರದು ಎಂಬ ಕೊನೆಯ ಮರ್ಯಾದೆಗೆ. ಆ ಗಂಟೇ ಪಿಂಚಣಿಗೆ ಅಡ್ಡಿಯಾದರೆ ಅವರು ಅದನ್ನು ಬ್ಯಾಂಕಿನಿಂದ ತೆಗೆದು ಟ್ರಂಕಿನ ತಳಕ್ಕೆ ಸೇರಿಸದೆ ಇನ್ನೇನು ಮಾಡಿಯಾರು?

ಇಷ್ಟೆಲ್ಲ ಜರಡಿ ಹಿಡಿದು ಕೊಡುವುದು ತಿಂಗಳಿಗೆ 1,200 ರೂಪಾಯಿ, ಅಂದರೆ ದಿನಕ್ಕೆ 40. ಇನ್ನೊಂದು ಪಿಂಚಣಿಯಾದ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಎಂಬತ್ತರೊಳಗಿನವರಿಗೆ ಕೇಂದ್ರದ ಪಾಲು 2007ರಿಂದಲೂ 200 ರೂಪಾಯಿಯಲ್ಲೇ ನಿಂತಿದೆ. ಮುಪ್ಪಿನಲ್ಲಿ ನೆರವು ಒದಗಿಸಬೇಕೆಂದು ಸಂವಿಧಾನದ 41ನೇ ವಿಧಿ ಸರ್ಕಾರಕ್ಕೆ ಹೇಳಿರುವಾಗ ಈ ಮೊತ್ತಗಳು ನಾಚಿಕೆಗೇಡು.

ಅರ್ಹರನ್ನು ಹುಡುಕುವ ಬದಲು ಅನರ್ಹರನ್ನು ಮಾತ್ರ ಕೈಬಿಡುವುದು ಸುಲಭ. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನಿವೃತ್ತಿ ವೇತನ ಪಡೆಯುವವರು ಯಾರೆಂದು ಸರ್ಕಾರದ ಕಂಪ್ಯೂಟರಿಗೇ ಗೊತ್ತು. ಅವರನ್ನು ಬಿಟ್ಟು, ವಯಸ್ಸಾದ ಉಳಿದೆಲ್ಲರಿಗೂ ಕೊಡಲಿ. ನಮಗಿಂತ ಬಡ ದೇಶವಾದ ನೇಪಾಳ 1995ರಲ್ಲೇ 75 ದಾಟಿದವರಿಗೆ ಆದಾಯ ಕೇಳದೆ ಭತ್ಯೆ ಕೊಡತೊಡಗಿ, ಆಮೇಲೆ ವಯಸ್ಸಿನ ಮಿತಿಯನ್ನೂ ಇಳಿಸಿತು. ಹೋರಾಟಗಾರರಾದ ಅರುಣಾ ರಾಯ್, ಬಾಬಾ ಆಢಾವ್ ಮುಂದಾಳತ್ವದಲ್ಲಿ ಶುರುವಾದ ಪೆನ್ಶನ್ ಪರಿಷತ್ ಕೇಳುತ್ತ ಬಂದಿರುವುದೂ ಎಲ್ಲರಿಗೂ ಪಿಂಚಣಿ. ಅದೂ ಕನಿಷ್ಠ ಕೂಲಿಯ ಅರ್ಧದಷ್ಟು.

ಖರ್ಚು ಹೆಚ್ಚುತ್ತದೆ, ನಿಜ. ಹೊರೆಯೆನಿಸಿದರೆ ಎಪ್ಪತ್ತು ದಾಟಿದವರಿಂದ ಶುರುಮಾಡಬಹುದು. ಅಲ್ಲಿಯವರೆಗೆ ರಾಜ್ಯ ಸರ್ಕಾರ ಒಂದೇ ಆದೇಶದಲ್ಲಿ ಮಾಡಬಹುದಾದ ಕೆಲಸವೂ ಇದೆ: ಬಿಪಿಎಲ್ ಚೀಟಿಯನ್ನೇ ಪಿಂಚಣಿಗೂ ಸಾಕಷ್ಟು ಪುರಾವೆಯೆಂದು ಒಪ್ಪಿ, ಪ್ರತ್ಯೇಕ ಆದಾಯ ಮಿತಿಯನ್ನೂ ಠೇವಣಿಯ ಷರತ್ತನ್ನೂ ಕೈಬಿಡುವುದು.