ಉಗಿಬಂಡಿಯ ವಿಹಾರ, ನಾಯಿಯ ನಡಿಗೆ

ಚೆನ್ನೈಯ ಕನ್ನಡ ಕುಟುಂಬಗಳು ರಾತ್ರಿಯ ರೈಲಿನಲ್ಲಿ ಹೊರಟು ಒಂದು ಹಗಲನ್ನು ನೀಲಗಿರಿಯಲ್ಲಿ ಕಳೆದು ಬರುವುದುಂಟು. 1899ರಲ್ಲಿ ಆರಂಭಗೊಂಡ ಮೆಟ್ಟುಪಾಳ್ಯಂ–ಕೂನೂರು ಮಾರ್ಗದಲ್ಲಿ ಇಂದಿಗೂ ಉಗಿಯಂತ್ರವು ಹಳಿಗಳ ನಡುವಣ ಹಲ್ಲುಕಂಬಿಯನ್ನು ಹಿಡಿದು ಮೆಲ್ಲಮೆಲ್ಲನೆ ಬೆಟ್ಟವೇರುತ್ತದೆ.

ಆದರೆ ಕೂನೂರಿನಲ್ಲಿ ಇಳಿದೊಡನೆ ಬಹುಮಂದಿ ಬಾಡಿಗೆ ಕಾರನ್ನೇರುತ್ತಾರೆ. 1874ರ ಸಿಮ್ಸ್ ಪಾರ್ಕಿಗೂ ನಡೆದು ಹೋಗುವವರು ವಿರಳ. ಇಂಥ ವಿಹಾರದಲ್ಲಿ ಕಚೇರಿಯ ಕುರ್ಚಿಗೆ ವರ್ಗಾವಣೆಯಾಯಿತೇ ಹೊರತು ಕಾಲಿಗೆ ಕೆಲಸ ದೊರೆಯಲಿಲ್ಲ.

ಅಂದು ನಡೆದರೂ ಅದೊಂದೇ ದಿನದ ನಡಿಗೆ ಸಾಲದು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂತಹ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಯಿ ಸಾಕಿದವರಿಗೆ ಈ ಲೆಕ್ಕ ತಪ್ಪದು. ಮಳೆಯಿರಲಿ, ವರ್ಷಾಂತ್ಯದ ಲೆಕ್ಕಪತ್ರವಿರಲಿ, ಮುಂಜಾನೆ ಅದು ಬಾಗಿಲಲ್ಲಿ ನಿಂತಿರುತ್ತದೆ. ನಾಯಿಯಿಲ್ಲದವರು ಆ ಹಟವನ್ನು ತಾವೇ ಬೆಳೆಸಿಕೊಳ್ಳಬೇಕು. ಆಗ ಮುಂದಿನ ವಿಹಾರದಲ್ಲಿ ಕೂನೂರಿನ ಏರು ಅವರನ್ನು ಏದುಸಿರು ಬಿಡಿಸದು.