ಸುಟ್ಟ ಮೋಟಾರು: ಕಟ್ಟಿಸುವುದೋ, ಹೊಸದು ತರುವುದೋ?

ಬೇಸಿಗೆ ಬಂತೆಂದರೆ ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯಗಳ ವೈಂಡಿಂಗ್ ಅಂಗಡಿಗಳಿಗೆ ಕೈತುಂಬ ಕೆಲಸ. ಕೆಂಗೇರಿ, ರಾಮೋಹಳ್ಳಿ, ತಾವರೆಕೆರೆ ಕಡೆಯ ರೈತರ ಸುಟ್ಟ ಪಂಪು ಮೋಟಾರುಗಳು ಅಲ್ಲಿಗೆ ಬರುತ್ತವೆ. ಹಳೆಯದಕ್ಕೇ ಕಾಯಿಲ್ ಕಟ್ಟಿಸುವುದೋ, ಹೊಸದನ್ನೇ ಕೊಳ್ಳುವುದೋ ಎಂಬ ಪ್ರಶ್ನೆಯೂ ಜೊತೆಗೇ ಬರುತ್ತದೆ. ‘ಹಳೇ ಕಬ್ಬಿಣ ಗಟ್ಟಿ, ಕಟ್ಟಿಸಿ ಹಾಕಿ’ ಎಂದು ನೆರೆಯವರು ಹೇಳುತ್ತಾರೆ. ‘ಗುಜರಿಗೆ ಹಾಕಿ’ ಎಂದು ಮಾರುವವರು ಹೇಳುತ್ತಾರೆ. ಇಬ್ಬರೂ ಮೋಟಾರನ್ನು ಮಾತ್ರ ನೋಡುತ್ತಾರೆ, ಬಾವಿಯನ್ನಾಗಲಿ ಬೆಳೆಯನ್ನಾಗಲಿ ನೋಡುವುದಿಲ್ಲ ಎಂಬುದು ನನ್ನ ಆಕ್ಷೇಪಣೆ.

ಮೊದಲು ಅದು ಸುಟ್ಟದ್ದೇಕೆಂದು ತಿಳಿಯಬೇಕು. ಮೂರು ಫೇಸಿನಲ್ಲಿ ಒಂದು ಹೋದರೆ ಓಡುತ್ತಿರುವ ಮೋಟಾರು ನಿಲ್ಲದೆ ಉಳಿದೆರಡರಿಂದಲೇ ಹೆಚ್ಚು ಕರೆಂಟು ಎಳೆದುಕೊಂಡು ಕಾಯುತ್ತದೆ. ವೋಲ್ಟೇಜು ಬಹಳ ಇಳಿದಾಗಲೂ ಹೀಗೆಯೇ. ಕೊಳವೆಬಾವಿಯ ಮೋಟಾರನ್ನು ತಂಪಾಗಿಡುವುದು ಸುತ್ತ ಹರಿಯುವ ನೀರೇ ಆದುದರಿಂದ, ನೀರು ಕೆಳಗಿಳಿದು ಪಂಪು ಬರಿದೇ ಓಡಿದರೆ ಅದು ಉಳಿಯುವುದಿಲ್ಲ. ಸ್ಟಾರ್ಟರು ಪದೇ ಪದೇ ಬೀಳುತ್ತದೆಂದು ರಿಲೇಯನ್ನೇ ತಪ್ಪಿಸಿ ನೇರವಾಗಿ ಕೊಡುವ ಅಭ್ಯಾಸವೂ ನಮ್ಮಲ್ಲುಂಟು. ಕಾರಣ ಹಾಗೆಯೇ ಉಳಿದರೆ ಹೊಸ ಮೋಟಾರೂ ಅದೇ ದಾರಿ ಹಿಡಿಯುತ್ತದೆ. ಆದುದರಿಂದ ಕೈಯಲ್ಲಿರುವ ಹಣದಲ್ಲಿ ಮೊದಲ ಪಾಲು ಒಳ್ಳೆಯ ಸ್ಟಾರ್ಟರಿಗೆ ಮತ್ತು ಫೇಸು ಹೋದಾಗ, ನೀರು ಹೋದಾಗ ತಾನಾಗಿ ನಿಲ್ಲಿಸುವ ಸಾಧನಕ್ಕೆ ಹೋಗಬೇಕು.

ಇನ್ನು ಕೆಲವರು ‘ನೀರು ಕಡಿಮೆ ಬರುತ್ತಿದೆ’ ಎಂದು ಮೋಟಾರು ಬದಲಾಯಿಸುತ್ತಾರೆ. ಮೋಟಾರು ಹಳತಾದ ಮಾತ್ರಕ್ಕೆ ಅದರ ವೇಗ ಹೆಚ್ಚೇನೂ ತಗ್ಗುವುದಿಲ್ಲ. ನೀರು ತಗ್ಗಿದ್ದರೆ ಇಂಪೆಲ್ಲರು ಸವೆದಿರಬಹುದು, ಫುಟ್‌ವಾಲ್ವು ಸೋರುತ್ತಿರಬಹುದು, ಬಾವಿಯ ನೀರೇ ಕೆಳಗೆ ಹೋಗಿರಬಹುದು. ಇದಕ್ಕೆ 200 ಲೀಟರಿನ ಒಂದು ಡ್ರಮ್ಮೂ ಒಂದು ಗಡಿಯಾರವೂ ಸಾಕು. ಹಿಂದೆ 40 ಸೆಕೆಂಡಿಗೆ ತುಂಬುತ್ತಿದ್ದ ಡ್ರಮ್ಮು ಈಗ, ಬಾವಿಯಲ್ಲಿ ಅಷ್ಟೇ ನೀರಿರುವಾಗ, 55 ಸೆಕೆಂಡು ತೆಗೆದುಕೊಂಡರೆ, 7 ಗಂಟೆಯಲ್ಲಿ 1,26,000 ಲೀಟರಿನ ಬದಲು ಸುಮಾರು 92,000 ಲೀಟರು ಮಾತ್ರ ಸಿಕ್ಕಂತಾಯಿತು. ಒಂದು ಎಕರೆಗೆ ಒಂದು ಸೆಂಟಿಮೀಟರು ನೀರು ನಿಲ್ಲಿಸಲು ಸುಮಾರು 40,000 ಲೀಟರು ಬೇಕು. ಅಂದರೆ ದಿನವೂ ಹೆಚ್ಚುಕಡಮೆ ಅಷ್ಟನ್ನು ಕಳೆದುಕೊಳ್ಳುತ್ತಿದ್ದೇವೆ.

ಈ ಲೆಕ್ಕವನ್ನು ನಾವು ಹಾಕದಿರಲು ಒಂದು ಕಾರಣವಿದೆ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತ. ಬಿಲ್ಲಿಲ್ಲವಾದುದರಿಂದ ಎಂಥ ಹಳೆಯ ಪಂಪೂ ಅಗ್ಗವೆಂದೇ ತೋರುತ್ತದೆ. ಆದರೆ ಮೂರು ಫೇಸು ಸಿಗುವುದು ದಿನಕ್ಕೆ ಕೆಲವೇ ಗಂಟೆ. ರೈತನಿಗೆ ತೂಕದ ವಸ್ತು ಯೂನಿಟ್ಟಲ್ಲ, ಆ ಗಂಟೆಗಳು. ದಕ್ಷತೆಯ ನಕ್ಷತ್ರ ಗುರುತುಳ್ಳ ಪಂಪನ್ನು ಕೊಳ್ಳುವಾಗಲೂ ನಾನು ಕೇಳುವುದು ಕರೆಂಟು ಎಷ್ಟು ಉಳಿಯಿತೆಂದಲ್ಲ, ನನ್ನ ಬಾವಿಯ ಆಳಕ್ಕೆ ಗಂಟೆಗೆ ಎಷ್ಟು ನೀರು ಬೀಳುತ್ತದೆಂದು.

ಕಾಯಿಲ್ ಕಟ್ಟಿಸುವುದು ತಪ್ಪಲ್ಲ, ಕಟ್ಟುವ ರೀತಿ ಮುಖ್ಯ. ಹಳೆಯ ತಂತಿಯನ್ನು ಕೀಳಲು ಸ್ಟೇಟರಿಗೆ ಬೆಂಕಿ ಹಚ್ಚುವವರಿದ್ದಾರೆ. ಹೆಚ್ಚು ಕಾವಿನಿಂದ ಒಳಗಿನ ತಗಡುಗಳ ನಡುವಣ ಲೇಪ ಹೋಗಿ, ಮೋಟಾರು ಮುಂದೆಂದೂ ಮೊದಲಿನಷ್ಟು ತಂಪಾಗಿ ಓಡುವುದಿಲ್ಲ. ಮೊದಲಿದ್ದ ಗೇಜಿನ ತಾಮ್ರದ ತಂತಿ, ಮೊದಲಿದ್ದಷ್ಟೇ ಸುತ್ತು ಎಂದು ಒಪ್ಪಿಸಿಕೊಂಡು, ಹಳೆಯ ತಾಮ್ರವನ್ನು ಎದುರಿಗೇ ತೂಗಿಸುವುದು ಒಳ್ಳೆಯದು. ಹಿಂದಕ್ಕೆ ತರುವ ಮುನ್ನ ಬರಿದೇ ಓಡಿಸಿ, ಮೂರು ಫೇಸಿನಲ್ಲೂ ಕರೆಂಟು ಸಮನಾಗಿದೆಯೇ ಎಂದು ಟಾಂಗ್ ಟೆಸ್ಟರಿನಿಂದ ನೋಡಿಸಿರಿ. ನಾಚಿಕೆ ಬೇಡ, ದುಡ್ಡು ನಿಮ್ಮದು.

ತೆರೆದ ಬಾವಿಯ ದಡದ ಮೋಟಾರಾದರೆ, ಶಾಫ್ಟು, ಬೇರಿಂಗಿನ ಮನೆ ಸರಿಯಾಗಿದ್ದಲ್ಲಿ, ಒಂದೆರಡು ಸಲ ಕಟ್ಟಿಸಲು ನಾನು ಹಿಂಜರಿಯುವುದಿಲ್ಲ. ಕೆಟ್ಟರೆ ನಾಲ್ಕು ಬೋಲ್ಟು ಬಿಚ್ಚಿದರಾಯಿತು. ಕೊಳವೆಬಾವಿಯ ಮಾತು ಬೇರೆ. ನೂರಾರು ಅಡಿ ಪೈಪು ಎತ್ತಿ ಇಳಿಸಲು ಗಾಡಿ ಮತ್ತು ಆಳುಗಳ ಕೂಲಿ ಪ್ರತಿ ಸಲವೂ ಬೀಳುತ್ತದೆ. ಕಟ್ಟಿಸಿದ ಮೋಟಾರು ಎರಡು ತಿಂಗಳಿಗೆ ಮತ್ತೆ ಸುಟ್ಟರೆ ಆ ಕೂಲಿ ಇಮ್ಮಡಿ, ಹೂ ಕಟ್ಟಿದ ಟೊಮೇಟೊ ಒಣಗಿದ ನಷ್ಟ ಬೇರೆ. ಬುಷ್ಷು, ಥ್ರಸ್ಟ್ ಬೇರಿಂಗು ಸವೆದ ಹಳೆಯ ಸಬ್‌ಮರ್ಸಿಬಲನ್ನು ಎರಡನೆಯ ಬಾರಿ ಕೆಳಗಿಳಿಸುವುದು ಉಳಿತಾಯವಲ್ಲ ಎಂಬುದೇ ನನ್ನ ಅಭಿಪ್ರಾಯ. ಕೆಂಗೇರಿಯಿಂದ ಕೆಳಗೆ ವೃಷಭಾವತಿಯ ಕೊಳಚೆ ನೀರೆತ್ತುವವರು ಮೋಟಾರಿಗಿಂತ ಮೊದಲು ಪಂಪಿನ ಹೊಟ್ಟೆಯನ್ನು ಬಿಚ್ಚಿ ನೋಡಲಿ.

ಇನ್ನೊಂದು ಮಾತನ್ನು ಅಂಗಡಿಯವರು ಹೇಳುವುದಿಲ್ಲ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ನಾಡಪ್ರಭು ಕೆಂಪೇಗೌಡ ಬಡಾವಣೆಗೆಂದು 2008ರಲ್ಲಿ ಮೊದಲ ಅಧಿಸೂಚನೆ ಹೊರಟಿತು. ಇಂಥ ಕಡೆ ಜಮೀನಿನ ಗತಿ ತಿಳಿಯದೆ ಬೇಸಾಯ ಮಾಡುವವನಿಗೆ ಹತ್ತು ವರ್ಷ ಬಾಳುವ ಯಂತ್ರದ ಬೆಲೆ ಭಾರವೇ. ಎರಡು ಬೆಳೆಗೆ ಮಾತ್ರ ಭರವಸೆ ಇರುವಲ್ಲಿ, ಕೊಳವೆಬಾವಿಯೇ ಆದರೂ, ಹಳೆಯದನ್ನು ಕಟ್ಟಿಸಿಕೊಳ್ಳುವವನನ್ನು ನಾನು ಜಿಪುಣನೆನ್ನಲಾರೆ. ಹೊಸದನ್ನೇ ತಂದವರು ಹಳೆಯದನ್ನು ಕಾಟಾದ ಬೆಲೆಗೆ ಕೊಡದೆ, ದುರಸ್ತಿಯ ಸ್ಥಿತಿಯಲ್ಲಿದ್ದರೆ ಕಟ್ಟಿಸಿ ಕೊಟ್ಟಿಗೆಯಲ್ಲಿ ಇಟ್ಟುಕೊಳ್ಳಲಿ. ಏಪ್ರಿಲ್ ತಿಂಗಳಲ್ಲಿ ವೈಂಡಿಂಗ್ ಅಂಗಡಿಯವನು ‘ಎಂಟು ದಿನ ಬಿಟ್ಟು ಬನ್ನಿ’ ಎಂದಾಗ ಅದು ಬೇಕಾಗುತ್ತದೆ.