ನಾಯಿಯ ಕಾಯಿಲೆಗೆ ಸಹಾಯನಿಧಿಯಿಂದ ಸಾಲ ಕೊಡಬೇಕೇ?

ಸಂಘದ ಸಹಾಯನಿಧಿ ಇರುವುದು ಕಾರ್ಮಿಕರ ಕಷ್ಟಕ್ಕಾಗಿ. ಈ ಮಾತನ್ನು ನಾವೂ ಒಪ್ಪುತ್ತೇವೆ. ಆದರೆ ಕಾರ್ಮಿಕನ ಕಷ್ಟ ಎಂದರೆ ಯಾವುದು, ಅದನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆ ಈಗ ಎದ್ದಿದೆ. ಬೆಸೆಂಟ್ ನಗರದ ಒಂದು ಮೆಸ್ಸಿನಲ್ಲಿ ಸಪ್ಲಾಯರ್ ಆಗಿರುವ ನಮ್ಮ ಸದಸ್ಯರೊಬ್ಬರು ತಮ್ಮ ನಾಯಿಯ ಚಿಕಿತ್ಸೆಗೆಂದು ಮಾಡಿದ ಸಾಲವನ್ನು ತೀರಿಸಲು ನಿಧಿಯಿಂದ ಹಣ ಕೇಳಿದ್ದಾರೆ. ಅರ್ಜಿಯನ್ನು ಓದಿದಾಗ ಕೆಲವರು ನಕ್ಕರು. "ಮನುಷ್ಯರಿಗೇ ಸಾಲದು, ಇನ್ನು ನಾಯಿಗೆ ಎಲ್ಲಿಂದ ತರೋಣ ಮಾರಾಯರೆ?" ಎಂದು ಹಿರಿಯರೊಬ್ಬರು ಕೇಳಿದರು. ಅವರ ಮೇಲೆ ನಮಗೆ ಗೌರವವಿದೆ. ಮೂವತ್ತು ವರ್ಷ ಒಲೆಯ ಮುಂದೆ ನಿಂತವರು, ನಿಧಿಗೆ ಮೊದಲ ಹತ್ತು ರೂಪಾಯಿ ಹಾಕಿದವರಲ್ಲಿ ಒಬ್ಬರು. ಆದರೂ ಅವರ ಮಾತು ನಮಗೆ ಒಪ್ಪಿಗೆಯಾಗಲಿಲ್ಲ. ಏಕೆಂಬುದನ್ನು ಸದಸ್ಯರ ಮುಂದೆ ಬಿಚ್ಚಿಡುವುದು ನಮ್ಮ ಕರ್ತವ್ಯವೆಂದು ತಿಳಿದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಾಯಿ ಸಾಕುವುದು ಶ್ರೀಮಂತರ ಶೋಕಿ ಎನ್ನುವವರು ಒಂದು ಸಂಜೆ ಎಲಿಯಟ್ಸ್ ಬೀಚಿಗೆ ಹೋಗಿ ನೋಡಬೇಕು. ಕುದುರೆಮರಿಯಂಥ ನಾಯಿಗಳು ಬರುತ್ತವೆ, ನಿಜ. ಆದರೆ ಸರಪಳಿ ಹಿಡಿದಿರುವ ಕೈ ಯಾರದು? ವಾಚ್‌ಮನ್ನನದು, ಡ್ರೈವರನದು, ಮನೆಗೆಲಸದ ಹೆಂಗಸಿನದು. ಇನ್ನು ಹೋಟೆಲುಗಳ ಹಿತ್ತಿಲ ಬಾಗಿಲಿಗೆ ಬನ್ನಿ. ಅಲ್ಲಿ ಒಂದು ನಾಯಿ ಇದ್ದೇ ಇರುತ್ತದೆ. ಅದಕ್ಕೆ ಯಜಮಾನನಿಲ್ಲ ಎಂದು ಗಲ್ಲಾದಲ್ಲಿ ಕುಳಿತವರು ಹೇಳುತ್ತಾರೆ, ಆದರೆ ಕ್ಲೀನರ್ ಹುಡುಗನನ್ನು ಕೇಳಿದರೆ ಅದರ ಹೆಸರು, ವಯಸ್ಸು, ಅದು ಯಾರನ್ನು ಕಂಡರೆ ಬೊಗಳುತ್ತದೆ ಎಂಬುದೆಲ್ಲ ಗೊತ್ತು. ಉಡುಪಿಯಿಂದಲೋ ಕುಂದಾಪುರದಿಂದಲೋ ಬಂದು ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗುವ ಹುಡುಗನಿಗೆ ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಬಂದಾಗ ಕಾದು ಕುಳಿತಿರುವ ಜೀವ ಅದೊಂದೇ. ಊರೂರ್ ಆಲ್ಕಾಟ್ ಕುಪ್ಪದಲ್ಲಿ ಬಾಡಿಗೆಗಿರುವ ನಮ್ಮವರ ಮನೆಗಳಲ್ಲಿ ಬೆಕ್ಕು, ಕೋಳಿ, ಆಡು ಕೂಡ ಇವೆ. ಇವೆಲ್ಲ ಶೋಕಿಯಲ್ಲ.

ಅರ್ಜಿದಾರರ ಕತೆಯನ್ನು ಅವರ ಅಪ್ಪಣೆ ಪಡೆದು ಹೇಳುತ್ತಿದ್ದೇವೆ. ಮೂರು ತಿಂಗಳ ಮರಿ ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ವಾಂತಿ, ರಕ್ತಭೇದಿ. ಇವರು ಹತ್ತಿರದಲ್ಲಿ ಕಂಡ, ಗಾಜಿನ ಬಾಗಿಲಿನ ಒಂದು ಖಾಸಗಿ ಚಿಕಿತ್ಸಾಲಯಕ್ಕೆ ಎತ್ತಿಕೊಂಡು ಓಡಿದರು. ಪಾರ್ವೋ ಎಂದರು. ಐದು ದಿನ ಗ್ಲೂಕೋಸು, ಸೂಜಿ, ರಕ್ತಪರೀಕ್ಷೆ. ಖರ್ಚು ಎಷ್ಟಾಗುತ್ತದೆಂದು ಮೊದಲ ದಿನ ಯಾರೂ ಹೇಳಲಿಲ್ಲ, ಇವರಿಗೂ ಕೇಳಲು ಸಂಕೋಚ. ಕೊನೆಗೆ ಬಿಲ್ಲು ಬಂದದ್ದು ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ನೂರಕ್ಕೆ ತಿಂಗಳಿಗೆ ಹತ್ತು ಬಡ್ಡಿಯಂತೆ ಹಣ ತಂದು ಕೊಟ್ಟರು. ಮರಿ ಬದುಕಿತು. ಸಾಲವೂ ಬೆಳೆಯುತ್ತಿದೆ. ಊರಿಗೆ ಹೋಗಬೇಕಾದ ಮನಿಯಾರ್ಡರು ಎರಡು ತಿಂಗಳಿಂದ ಹೋಗಿಲ್ಲ. ಇದು ನಾಯಿಯ ಕಷ್ಟವೋ, ಕಾರ್ಮಿಕನ ಕಷ್ಟವೋ, ನಕ್ಕವರು ಹೇಳಲಿ.

ಈ ಖರ್ಚಿನಲ್ಲಿ ಬಹುಪಾಲು ತಪ್ಪಿಸಬಹುದಾಗಿತ್ತು ಎಂಬುದೇ ನಮಗೆ ಹೆಚ್ಚು ನೋವಿನ ಸಂಗತಿ. ಪಾರ್ವೋಕ್ಕೆ ಚುಚ್ಚುಮದ್ದು ಇದೆ. ಮರಿಗೆ ಆರರಿಂದ ಎಂಟು ವಾರವಾದಾಗ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ, ನಾಲ್ಕು ತಿಂಗಳು ತುಂಬುವ ತನಕ ಹಾಕಿಸಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು, ಬಳಿಕ ವೈದ್ಯರು ಹೇಳಿದಂತೆ ಮತ್ತೆ ಮತ್ತೆ. ಐದು ದಿನದ ಗ್ಲೂಕೋಸಿನ ಖರ್ಚಿನ ಮುಂದೆ ಇದು ಏನೇನೂ ಅಲ್ಲ. ಹೆಣ್ಣು ನಾಯಿಯಾದರೆ ಸಂತಾನಹರಣ ಶಸ್ತ್ರಕ್ರಿಯೆಯನ್ನು ಕಾಲಕ್ಕೆ ಸರಿಯಾಗಿ ಮಾಡಿಸುವುದು ಒಳ್ಳೆಯದು. ಇಲ್ಲವಾದರೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬಿ ಅವಸರದ ಆಪರೇಷನ್ ಬರಬಹುದು. ಅದರ ಖರ್ಚು ಬೇರೆಯೇ ಲೆಕ್ಕ.

ಹಾಗಾದರೆ ಯಾವ ವೈದ್ಯರ ಬಳಿಗೆ ಹೋಗಬೇಕು? ಈ ಊರಿನಲ್ಲಿರುವ ನಮಗೆ ಒಂದು ಭಾಗ್ಯವಿದೆ, ನಮ್ಮವರು ಅದನ್ನು ತಿಳಿದಿಲ್ಲ. 1903ರಲ್ಲಿ ಆರಂಭವಾದ ಮದ್ರಾಸ್ ಪಶುವೈದ್ಯ ಕಾಲೇಜು ವೇಪೇರಿಯಲ್ಲಿದೆ. ಅದರ ಆಸ್ಪತ್ರೆಯಲ್ಲಿ ನಾಯಿ, ಬೆಕ್ಕು, ದನ, ಕುದುರೆ ಎಲ್ಲಕ್ಕೂ ಚಿಕಿತ್ಸೆ ನಡೆಯುತ್ತದೆ. ವಿದ್ಯಾರ್ಥಿಗಳು ಕಲಿಯುವ ಜಾಗ ಎಂದು ಕೆಲವರು ಹಿಂಜರಿಯುತ್ತಾರೆ. ಕಲಿಸುವ ಗುರುಗಳೂ ಅಲ್ಲಿಯೇ ನಿಂತಿರುತ್ತಾರೆಂಬುದನ್ನು ಮರೆಯಬಾರದು. ನಮ್ಮ ಹೆಂಗಸರ ಹೆರಿಗೆಗಳು ಸರ್ಕಾರಿ ದೊಡ್ಡಾಸ್ಪತ್ರೆಯಲ್ಲಿ ಆಗಲಿಲ್ಲವೇ? ಬೆಳಿಗ್ಗೆ ಬೇಗ ಹೋಗಬೇಕು, ಕ್ಯೂ ನಿಲ್ಲಬೇಕು. ಬೆಸೆಂಟ್ ನಗರದಿಂದ ಅರ್ಧ ಪಟ್ಟಣ ದಾಟಬೇಕಾದ್ದರಿಂದ ಆಟೋದ ಬಾಡಿಗೆಯನ್ನೂ ಲೆಕ್ಕ ಹಿಡಿಯಬೇಕು. ಇಬ್ಬರು ಮೂವರು ಸೇರಿ ಹೋದರೆ ಅದೂ ಹಗುರ. (ನಾಯಿಯನ್ನು ಕಂಡರೆ ಮೀಟರಿನ ಮೇಲೆ ಐವತ್ತು ಕೇಳುವ ಆಟೋ ಬಂಧುಗಳ ಬಗ್ಗೆ ಅವರ ಸಂಘದ ಜೊತೆ ಬೇರೆಯಾಗಿ ಮಾತಾಡುತ್ತೇವೆ.) ಗಿಂಡಿಯ ವೇಳಚೇರಿ ರಸ್ತೆಯಲ್ಲಿ ಬ್ಲೂ ಕ್ರಾಸ್ ಇದೆ. ಕ್ಯಾಪ್ಟನ್ ಸುಂದರಂ ಅವರು 1959ರಲ್ಲಿ ಸ್ಥಾಪಿಸಿದ್ದು. ಅದು ದಾನದಿಂದ ನಡೆಯುವ ಸಂಸ್ಥೆ, ಮುಖ್ಯವಾಗಿ ಬೀದಿಯ ಮೂಕಪ್ರಾಣಿಗಳಿಗಾಗಿ ಇರುವುದು. ಹಿತ್ತಿಲ ಬಾಗಿಲಿನ ನಾಯಿಗೆ ಬಸ್ಸು ಬಡಿದಾಗ ಅಲ್ಲಿಗೆ ಹೋಗುವುದು ನ್ಯಾಯ. ಸಾಕಿದ ನಾಯಿಯ ಪ್ರತಿ ಕೆಮ್ಮಿಗೂ ಅಲ್ಲಿಗೆ ಓಡುವುದು ನ್ಯಾಯವಲ್ಲ.

ಖಾಸಗಿ ವೈದ್ಯರೆಲ್ಲರೂ ಸುಲಿಗೆ ಮಾಡುವವರೆಂದು ನಾವು ಹೇಳುವುದಿಲ್ಲ. ಅಂಗಡಿ ಬಾಡಿಗೆ, ಯಂತ್ರಗಳ ಸಾಲ, ಕಾಂಪೌಂಡರನ ಸಂಬಳ ಎಲ್ಲವೂ ಅವರ ತಲೆಯ ಮೇಲಿದೆ. ಆ ಕಾಂಪೌಂಡರನೂ ಕಾರ್ಮಿಕನೇ. ರಾತ್ರಿ ಹನ್ನೆರಡಕ್ಕೆ ಬಾಗಿಲು ತೆರೆಯುವವರೂ ಹೆಚ್ಚಾಗಿ ಅವರೇ. ಆದರೆ ಆರಿಸುವಾಗ ಗಾಜಿನ ಬಾಗಿಲನ್ನು ನೋಡಬಾರದು. ನೋಡಬೇಕಾದ್ದು ಮೊದಲು ನೋಂದಣಿ. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯ ಪ್ರಕಾರ ಪದವಿ ಪಡೆದು ರಾಜ್ಯದ ಪರಿಷತ್ತಿನಲ್ಲಿ ಹೆಸರು ದಾಖಲಿಸಿಕೊಂಡವರು ಮಾತ್ರ ಪಶುವೈದ್ಯರು. ಆ ಸಂಖ್ಯೆಯನ್ನು ಕೇಳುವುದು ಅವಮರ್ಯಾದೆಯಲ್ಲ. ಮರಿ ಮಾರುವವನು, ನಾಯಿಯ ತಿಂಡಿ ಮಾರುವ ಅಂಗಡಿಯವನು ಸೂಜಿ ಚುಚ್ಚಿದರೆ ಅದು ಚಿಕಿತ್ಸೆಯಲ್ಲ.

ಮತ್ತೊಂದು, ಬಾಯಿಬಿಟ್ಟು ಕೇಳುವುದು. ಹೋಟೆಲಿಗೆ ಬಂದ ಗಿರಾಕಿ ದೋಸೆಯ ಬೆಲೆ ಕೇಳಿಯೇ ಆರ್ಡರು ಕೊಡುತ್ತಾನೆ. ನಾವು ಮಾತ್ರ ವೈದ್ಯರ ಮುಂದೆ ಕೈಕಟ್ಟಿ ನಿಲ್ಲುತ್ತೇವೆ. "ಡಾಕ್ಟರೇ, ನಮ್ಮ ಕೈಯಲ್ಲಿ ಇಷ್ಟೇ ಇದೆ, ಇದರೊಳಗೆ ಏನು ಮಾಡಬಹುದು?" ಎಂದು ಮೊದಲೇ ಹೇಳಿಬಿಡಬೇಕು. ಈ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗುತ್ತದೆಯೇ, ಅಥವಾ ಪರೀಕ್ಷೆಯಿಲ್ಲದೆಯೂ ಇದೇ ಔಷಧ ಕೊಡುತ್ತೀರಾ ಎಂದು ಕೇಳಬೇಕು. ಇಂದೇ ಆಗಬೇಕೇ, ಸಂಬಳದ ತನಕ ತಡೆಯಬಹುದೇ ಎಂದು ಕೇಳಬೇಕು. ಒಳ್ಳೆಯ ವೈದ್ಯರು ಇದಕ್ಕೆ ಸಿಟ್ಟಾಗುವುದಿಲ್ಲ. ಸಿಟ್ಟಾಗುವವರನ್ನು ಬಿಟ್ಟು ಬೇರೆಯವರನ್ನು ಹುಡುಕಬೇಕು. ಕೊಟ್ಟ ಚೀಟಿ, ಚುಚ್ಚುಮದ್ದಿನ ಪುಸ್ತಕ ಎಲ್ಲವನ್ನೂ ಒಂದೆಡೆ ಇಟ್ಟುಕೊಂಡರೆ ಮುಂದಿನ ವೈದ್ಯರು ಮೊದಲಿನಿಂದ ಶುರುಮಾಡಬೇಕಾಗಿಲ್ಲ.

ಔಷಧದ ವಿಷಯದಲ್ಲಿಯೂ ಒಂದು ಸಂಗತಿ ತಿಳಿದಿರಲಿ. ನಾಯಿಗೆ ಬರೆಯುವ ಔಷಧಗಳಲ್ಲಿ ಹಲವು ಮನುಷ್ಯರ ಔಷಧಗಳೇ. ಉಣುಗಿನಿಂದ ಬರುವ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಅಂಥದ್ದು. ವೈದ್ಯರಿಂದ ಔಷಧದ ಮೂಲಹೆಸರನ್ನು ಬರೆಸಿಕೊಂಡರೆ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗಬಹುದು. ಹಾಗೆಂದು ನಮ್ಮ ಡಬ್ಬಿಯಲ್ಲಿರುವ ಮಾತ್ರೆಯನ್ನು ನಾವೇ ಕೊಡತಕ್ಕದ್ದಲ್ಲ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಪ್ರಾಣವೇ ಹೋಗುತ್ತದೆ. ಉಣುಗು ಕೀಳುವುದಕ್ಕೆ ಕೈಯೂ ಪುರಸೊತ್ತೂ ಸಾಕು, ದಿನಾ ಕಿವಿಯೊಳಗೆ, ಬೆರಳ ಸಂದಿಯಲ್ಲಿ ನೋಡಬೇಕು.

ಹೋಟೆಲಿನವರಿಗೆ ಪ್ರತ್ಯೇಕವಾಗಿ ಹೇಳಬೇಕಾದ್ದು ಎಂಜಲಿನ ವಿಚಾರ. ರಾತ್ರಿ ಉಳಿದ ಸಾಂಬಾರಿನ ಅನ್ನವನ್ನು ನಾಯಿಗೆ ಹಾಕಿ ಪುಣ್ಯ ಬಂತೆಂದು ತಿಳಿಯುತ್ತೇವೆ. ನೀರುಳ್ಳಿ ನಾಯಿಯ ರಕ್ತಕ್ಕೆ ಹಾನಿ, ಬೆಳ್ಳುಳ್ಳಿಯೂ ಹಾಗೆಯೇ. ನಮ್ಮ ಸಾಂಬಾರಿನಲ್ಲಿ ಅದೆಷ್ಟು ಬುಟ್ಟಿ ಬೀಳುತ್ತದೆಂದು ಹೆಚ್ಚುವವನಿಗೆ ಗೊತ್ತು. ಕೇಸರಿಬಾತಿನ ಒಣದ್ರಾಕ್ಷಿಯೂ ನಾಯಿಗೆ ಆಗದು. ಮಿಲಿಟರಿ ಹೋಟೆಲಿನ ಬೆಂದ ಕೋಳಿಮೂಳೆ ಸೀಳಾಗಿ ಕರುಳಿಗೆ ಚುಚ್ಚುತ್ತದೆ. ಬಡಿಸುವ ಮುಂಚೆ ತೆಗೆದಿಟ್ಟ ಬಿಳಿ ಅನ್ನ, ಸ್ವಲ್ಪ ಮಜ್ಜಿಗೆ, ಸಾಧ್ಯವಾದರೆ ಬೇಯಿಸಿದ ಒಂದು ಮೊಟ್ಟೆ ಹಾಕಿದರೆ ಪುಣ್ಯವೂ ಉಂಟು, ವೈದ್ಯರ ಖರ್ಚೂ ಉಳಿಯಿತು. ತೂಕದ ಲೆಕ್ಕದಲ್ಲಿ ಮಾರುವ ವಿದೇಶೀ ತಿಂಡಿ ಇಲ್ಲದೆ ನಾಯಿ ಬದುಕದು ಎಂಬ ಮಾತನ್ನು ನಂಬಿ ಸಾಲ ಮಾಡಬೇಡಿ.

ಈಗ ಹೆಚ್ಚು ಗಂಭೀರವಾದ ಸಂಗತಿಗೆ ಬರುತ್ತೇವೆ. 2024ರ ಮೇ ತಿಂಗಳಲ್ಲಿ ಇದೇ ಚೆನ್ನೈಯ ಒಂದು ಪಾಲಿಕೆ ಉದ್ಯಾನದಲ್ಲಿ ಎರಡು ರಾಟ್‌ವೈಲರ್ ನಾಯಿಗಳು ಐದು ವರ್ಷದ ಹುಡುಗಿಯನ್ನು ಕಚ್ಚಿ ಘೋರವಾಗಿ ಗಾಯಗೊಳಿಸಿದವು. ಆ ಮಗು ಯಾರದು? ಉದ್ಯಾನದ ವಾಚ್‌ಮನ್ನನ ಮಗಳು. ನಾಯಿಯಿಂದ ಕೆಡುಕಾದಾಗ ಮೊದಲು ಸಿಕ್ಕುವವರು ನಮ್ಮವರೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಯಜಮಾನರ ನಾಯಿಯನ್ನು ತಿರುಗಾಡಿಸುವ, ಮೀಯಿಸುವ ಕೆಲಸ ನಮ್ಮವರಿಗೆ ಬೀಳುತ್ತದೆ. ಅದಕ್ಕೆ ಸಂಬಳ ಬೇರೆ ಇಲ್ಲ. ಕಚ್ಚಿದರೆ ಒಂದು ದಿನದ ರಜೆಗೂ ಗೊಣಗಾಟ. ಇಲ್ಲಿ ನಮ್ಮ ಬೇಡಿಕೆ ಸ್ಪಷ್ಟ. ನಾಯಿ ಹಿಡಿಯುವ ಕೆಲಸ ಹೇಳುವ ಮನೆಯವರು ಅದರ ಚುಚ್ಚುಮದ್ದಿನ ಪುಸ್ತಕವನ್ನು ಕೆಲಸಗಾರರಿಗೆ ತೋರಿಸಬೇಕು. ನಾಯಿಗಳ ನಡುವೆ ದುಡಿಯುವವರು ಕಚ್ಚುವುದಕ್ಕೆ ಮುಂಚೆಯೇ ಹಾಕಿಸಿಕೊಳ್ಳಬಹುದಾದ ಚುಚ್ಚುಮದ್ದು ಇದೆ, ಅದರ ಖರ್ಚನ್ನು ಮನೆಯವರು ಕೊಡಬೇಕು. ಕಚ್ಚಿದರೆ ಆ ದಿನಗಳ ಸಂಬಳ ಕಡಿಯಕೂಡದು.

ಕಚ್ಚಿದಾಗ ಮಾಡಬೇಕಾದ್ದನ್ನು ಪ್ರತಿಯೊಬ್ಬ ಸದಸ್ಯನೂ ಬಾಯಿಪಾಠ ಮಾಡಬೇಕು. ಸುಣ್ಣ, ಅರಸಿನ, ಮೆಣಸಿನಪುಡಿ ಯಾವುದೂ ಬೇಡ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಚುಚ್ಚುಮದ್ದು ಉಚಿತ. ಗಾಯ ಆಳವಾಗಿದ್ದರೆ ಗಾಯದೊಳಕ್ಕೇ ಹಾಕುವ ಬೇರೆ ಔಷಧವಿದೆ, ಅದನ್ನೂ ಕೇಳಿ ಹಾಕಿಸಿಕೊಳ್ಳಬೇಕು. ಹೇಳಿದ ದಿನಗಳಂದು ಎಲ್ಲ ಸೂಜಿಯೂ ಮುಗಿಯಬೇಕು. ಎರಡು ಹಾಕಿಸಿಕೊಂಡು ಶಿಫ್ಟು ತಪ್ಪುತ್ತದೆಂದು ಬಿಟ್ಟವರಿದ್ದಾರೆ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ಇಲ್ಲವೆಂದೇ ಹೇಳಬೇಕು.

ಆದುದರಿಂದ ಸಾಕಿದ ನಾಯಿಗೆ ಚುಚ್ಚುಮದ್ದು ಹಾಕಿಸುವುದು ನಾಯಿಯ ಮೇಲಿನ ದಯೆ ಮಾತ್ರವಲ್ಲ, ಒಂದೇ ಕೋಣೆಯಲ್ಲಿ ಮಲಗುವ ಎಂಟು ಜನರ ಪ್ರಾಣರಕ್ಷಣೆ. ಅದಕ್ಕೆ ನಿಧಿಯ ಹಣ ಸಲ್ಲದು ಎನ್ನುವುದು ಹೇಗೆ? ಕಾಯಿದೆಯೂ ಇದನ್ನೇ ಹೇಳುತ್ತದೆ. ಅಡ್ಯಾರಿನ ಥಿಯಸಾಫಿಕಲ್ ಸೊಸೈಟಿಯ ಪರಿಸರದಲ್ಲಿ ಬೆಳೆದು ಕಲಾಕ್ಷೇತ್ರವನ್ನು ಕಟ್ಟಿದ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಪಟ್ಟುಹಿಡಿದ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆ ಬಂತು. ಸಾಕಿದ ಪ್ರಾಣಿಯ ಕ್ಷೇಮ ಸಾಕಿದವನ ಹೊಣೆ ಎಂದು ಅದರ ಮೂರನೆಯ ಕಲಮು ವಿಧಿಸುತ್ತದೆ. 1962ರಲ್ಲಿ ಸ್ಥಾಪನೆಯಾದ ಪ್ರಾಣಿಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಹೊಣೆಯನ್ನು ಹೊರಿಸಿದ ಕಾಯಿದೆ ದುಡ್ಡು ಎಲ್ಲಿಂದ ಎಂದು ಹೇಳಲಿಲ್ಲ. ಅದನ್ನು ನಾವೇ ಯೋಚಿಸಬೇಕಾಗಿದೆ. 2025ರಲ್ಲಿ ಚೆನ್ನೈ ಪಾಲಿಕೆ ಸಾಕುನಾಯಿಗೆ ಲೈಸೆನ್ಸನ್ನೂ ಮೈಕ್ರೋಚಿಪ್ಪನ್ನೂ ಕಡ್ಡಾಯ ಮಾಡಿದಾಗ ಶುಲ್ಕ 50 ರೂಪಾಯಿ, ತಪ್ಪಿದರೆ ದಂಡ 5,000 ರೂಪಾಯಿ ಎಂದು ಸಾರಿತು. ಐವತ್ತು ಕಟ್ಟುವುದೋ ಐದು ಸಾವಿರ ಕಟ್ಟುವುದೋ ಎಂಬುದಕ್ಕೆ ದೊಡ್ಡ ವಿದ್ಯೆ ಬೇಡ.

ನಮ್ಮ ಸಲಹೆ ಇಷ್ಟು. ನಿಧಿಯಿಂದ ಪ್ರಾಣಿಗಳಿಗಾಗಿ ಕೊಡುವುದು ದಾನವಲ್ಲ, ಬಡ್ಡಿಯಿಲ್ಲದ ಸಾಲ. ಚುಚ್ಚುಮದ್ದು, ಸಂತಾನಹರಣ, ಪ್ರಾಣಾಪಾಯ, ಈ ಮೂರಕ್ಕೆ ಮಾತ್ರ. ಮೊತ್ತಕ್ಕೆ ಒಂದು ಮಿತಿ ಇರಲಿ, ವೈದ್ಯರ ಅಂದಾಜು ಬರಹದಲ್ಲಿರಲಿ, ತಿಂಗಳ ಕಂತಿನಲ್ಲಿ ಹಿಂದಕ್ಕೆ ಬರಲಿ. ಮನುಷ್ಯರ ಕಾಯಿಲೆಯ ಅರ್ಜಿ ಇದ್ದರೆ ಅದಕ್ಕೇ ಮೊದಲ ಸ್ಥಾನ, ಇದರಲ್ಲಿ ಹಿರಿಯರಿಗೂ ನಮಗೂ ಭೇದವಿಲ್ಲ. ಸಾಲ ಬೇಕಾಗದಂತೆ ಮಾಡುವುದು ಇನ್ನೂ ಮೇಲು. ಹೋಟೆಲಿನವರಿಗೆ ಬೆಳಗಿನ ಹೊತ್ತು ಬಿಡುವಿಲ್ಲ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿ ಶುರುವಾಗುವ ತನಕ, ಮೂರರಿಂದ ಐದರೊಳಗೆ, ಬೆಸೆಂಟ್ ನಗರದಲ್ಲಿಯೇ ಒಂದು ಚುಚ್ಚುಮದ್ದಿನ ಶಿಬಿರ ನಡೆಸಬೇಕೆಂದು ಪಾಲಿಕೆಗೆ ಅರ್ಜಿ ಬರೆದಿದ್ದೇವೆ. ಎಷ್ಟು ಪ್ರಾಣಿಗಳೆಂದು ಅವರು ಕೇಳಿಯೇ ಕೇಳುತ್ತಾರೆ. ನಾಯಿ, ಬೆಕ್ಕು ಇರುವ ಸದಸ್ಯರು, ಹೋಟೆಲಿನ ಹಿತ್ತಿಲಲ್ಲಿ ಅನ್ನ ಹಾಕುವವರೂ ಸೇರಿ, ತಮ್ಮ ಹೆಸರು, ವಿಳಾಸ, ಪ್ರಾಣಿಯ ವಯಸ್ಸು, ಹಿಂದೆ ಹಾಕಿಸಿದ ಚುಚ್ಚುಮದ್ದು ಇದ್ದರೆ ಅದರ ತಾರೀಕು ಬರೆದು ಮುಂದಿನ ಭಾನುವಾರದೊಳಗೆ ಕಾರ್ಯದರ್ಶಿಗಳಿಗೆ ಕೊಡಬೇಕಾಗಿ ಕೋರುತ್ತೇವೆ. ಬರೆಯಲು ಬಾರದವರು ಬಂದು ಹೇಳಿದರೆ ಸಾಕು, ನಾವು ಬರೆದುಕೊಳ್ಳುತ್ತೇವೆ.